ಗುಡ್ಡ ಬಿಟ್ಟು ಹೊಳೆ ದಂಡೆಗೆ

ಇಂಡಿ ಊರಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಹೇಳುವ ಗುರುಪಾದ ಮಾಸ್ತರರಿಗೆ ಗುಡ್ಡ ಹತ್ತುವ ಹುಚ್ಚು. ನ್ಯುಮೋನಿಯಾ ಆದಾಗಿನಿಂದ ನಾಲ್ಕು ಮೆಟ್ಟಿಲು ಹತ್ತಿದರೂ ಅವರಿಗೆ ಉಸಿರು ಕಟ್ಟುತ್ತದೆ.

"ಈ ಶನಿವಾರ ಗುಡ್ಡಕ್ಕ ನೀವೊಬ್ರೇ ಹೋಗಿ ಬರ್ರಿ," ಎಂದರು. ಮುಖ ಸಣ್ಣದಾಗಿತ್ತು.

"ಗುಡ್ಡ ಯಾಕ್ರಿ? ಹೊಳಿ ದಂಡಿಗೆ ಹೋಗೂಣು. ಅಲ್ಲಿ ಏರಿಲ್ಲ," ಎಂದೆ.

ಹೀಗೆ ನಿನ್ನೆ ಬೆನ್ನಿಗೆ ಚೀಲ ಕಟ್ಟಿಕೊಂಡು ಅಗರಖೇಡಕ್ಕೆ ಬಂದೆವು. ಹೊತ್ತು ಮುಳುಗುವಾಗ ಅಲ್ಲಿನ ಭೀಮಾ ಹೊಳೆಯ ಮರಳಿನಲ್ಲಿ ಡೇರೆ ಹೂಡುತ್ತಿದ್ದೆವು. ದಂಡೆಯ ಮೇಲೆ ರಾತ್ರಿಗೆ ಕುರಿ ತರುಬಿ ನಿಲ್ಲಿಸಿದ್ದ ಮುದುಕಿಯೊಬ್ಬಳು ಇಳಿದು ಬಂದಳು.

"ನಿಮ್ಮ ಮನಿ ಬಿದ್ದಾವೇನ್ರಪ್ಪಾ?"

"ಇಲ್ಲಬೇ ಅವ್ವಾ, ಹೌಸಿಗೆ ತಿರುಗಾಡಾಕ ಬಂದೇವಿ," ಎಂದರು ಮಾಸ್ತರರು, ಕೆಮ್ಮುತ್ತಾ.

ಅವಳು ನಗಲಿಲ್ಲ. ಕೆಮ್ಮು ನಿಲ್ಲುವವರೆಗೂ ಕೇಳುತ್ತ ನಿಂತಳು. "ಹಸಿ ಉಸುಕಿನ್ಯಾಗ ಮಲಗಿದ್ರ ಎದಿ ಹಿಡೀತೈತಿ. ಮ್ಯಾಲ ಬರ್ರಿ, ಕುರಿ ಮಗ್ಗಲಕ ಬೆಚ್ಚಗಿರ್ತೈತಿ."

ಡೇರೆ ಕಿತ್ತು ಮೇಲೆ ಹೋದೆವು. ತನ್ನ ಕಂಬಳಿಯನ್ನೇ ಅವರ ಕೆಳಗೆ ಹಾಸಿದಳು. ಅವರ ಉಸಿರು ಆಲಿಸುತ್ತ ಎಚ್ಚರವಿರಬೇಕೆಂದುಕೊಂಡಿದ್ದ ನಾನು ಅವರಿಗಿಂತ ಮೊದಲೇ ನಿದ್ದೆಹೋದೆ.

ಎದ್ದಾಗ ಬಿಸಿಲು ಬಂದಿತ್ತು. ಕುರಿಗಳು ದಂಡೆಗುಂಟ ದೂರ ಹೋಗಿದ್ದವು. ಅವಳು ನಮ್ಮನ್ನು ಎಬ್ಬಿಸಿರಲಿಲ್ಲ. ಕಂಬಳಿ ಮಾಸ್ತರರ ಕೆಳಗೇ ಇತ್ತು. ಒಯ್ದು ಕೊಡಲೆಂದು ನಾನು ಕೈಚಾಚಿದೆ.

"ನೀವು ಚಾ ಕಾಸ್ರಿ," ಎಂದು ಅದನ್ನು ಹೆಗಲಿಗೆ ಹಾಕಿಕೊಂಡು ಅವರೇ ಹೊರಟರು. ಎರಡು ಕಡೆ ನಿಂತು ದಮ್ಮು ಆರಿಸಿಕೊಂಡರು, ಮತ್ತೆ ನಡೆದರು.

ಚಹಾ ಆರಿಹೋದರೂ ಬರಲಿಲ್ಲ. ಗಾಬರಿಯಾಗಿ ಎದ್ದು ನೋಡಿದೆ. ದೂರದಲ್ಲಿ, ಕುರಿಗಳ ಹಿಂದೆ, ಅವಳ ಜೊತೆ ಮಾತಾಡುತ್ತ ನಡೆದೇ ಇದ್ದರು.