ಗೋಡೆಯ ಮೇಲೆ ಹಾಳೆಯ ಹೆಂಗಸರು

ನನ್ನ ಮೊಮ್ಮಗಳು ಶಾಲೆಯಲ್ಲಿ ಬಾಯಿ ಬಿಡದೆ ಎರಡು ವರ್ಷವಾಗಿತ್ತು. ನನ್ನ ಮಗಳ ಮನೆ ಅರಂತೋಡಿನಿಂದ ತುಂಬ ಒಳಗೆ. ಅಲ್ಲಿಂದ ಶಾಲೆ ದೂರವೆಂದು ಈ ಹುಡುಗಿಯನ್ನು ಇಚಿಲಂಪಾಡಿಯ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಮನೆಯಲ್ಲಿ ಅವಳು ಕೋಳಿಯ ಹತ್ತಿರ, ಕರುವಿನ ಹತ್ತಿರ, ನನ್ನ ಹತ್ತಿರ ತುಳುವಿನಲ್ಲಿ ಎಡೆಬಿಡದೆ ಮಾತಾಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದರೆ ಮುಗಿಯಿತು. ನಾಲ್ಕನೆಯ ಕ್ಲಾಸಿನಲ್ಲಿ ಒಮ್ಮೆ ಎದ್ದು ನಿಂತು ಕನ್ನಡ ಪಾಠ ಓದುವಾಗ ತಡವರಿಸಿದಳಂತೆ, ಇಡೀ ಕ್ಲಾಸು ನಕ್ಕಿತಂತೆ. ಆಮೇಲೆ ಹಾಜರಿ ಕರೆದರೂ ಕೈ ಎತ್ತುವುದು ಮಾತ್ರ. ಹೆಡ್ಮಾಷ್ಟ್ರು ನನ್ನನ್ನು ಕರೆಸಿ, "ಇವಳನ್ನು ಪಾಸು ಮಾಡುದು ಹೇಗೆ ಅಮ್ಮಾ?" ಎಂದು ಕೇಳಿದ್ದರು. ಕೇಳಿದ್ದು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು!

ಆಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ದೀಪಾವಳಿ ಮುಗಿದ ವಾರ ಒಂದು ಸಂಜೆ ಅವಳು ಮನೆಯ ಕೆಳಗೆ ಹರಿಯುವ ತೋಡಿನ ಆಚೆಯಿಂದಲೇ ಕೂಗಿಕೊಂಡು ಬಂದಳು.

"ಅಜ್ಜೀ, ನಾನು ಇವತ್ತು ಕ್ಲಾಸಲ್ಲಿ ಮಾತಾಡಿದೆ!"

ಅಂಗಳ ಗುಡಿಸುತ್ತಿದ್ದ ನನ್ನ ಕೈಯ ಹಿಡಿಸೂಡಿ ಕೆಳಗೆ ಬಿತ್ತು. "ಎಂತ ಮಾತಾಡಿದ್ದು?"

"'ನನ್ನ ಅಜ್ಜಿ ಮಾಡ್ತಾರೆ' ಹೇಳಿದೆ."

"ನಾನು ಎಂತ ಮಾಡುದು ಮಗಾ?"

ಶಾಲೆಗೆ ಹೊಸದಾಗಿ ಒಬ್ಬರು ಡ್ರಾಯಿಂಗ್ ಟೀಚರ್ ಬಂದಿದ್ದರು, ಪುತ್ತೂರಿನವರು. ಹೊಸ ಕೋಣೆಯ ಎದುರಿನ ಗೋಡೆಗೆ ಅವರು ಒಂದು ಚಿತ್ರ ಬಯಸಿದ್ದರಂತೆ. ಬಣ್ಣದಲ್ಲಿ ಬರೆದದ್ದಲ್ಲ, ಗೋಡೆಯಿಂದ ಉಬ್ಬಿ ಮುಂದೆ ಬಂದದ್ದು. ಸಿಮೆಂಟು ಬೇಡ, ಪ್ಲಾಸ್ಟಿಕ್ಕು ಬೇಡ, ನಮ್ಮ ಅಂಗಳದಲ್ಲಿ ಬಿದ್ದು ಸಿಕ್ಕುವಂಥದ್ದು, ನಾಳೆ ಬಿಸಾಡಿದರೆ ಮಣ್ಣಾಗುವಂಥದ್ದು ಸಾಕು. ಈಗ ಅದಕ್ಕೆ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ಆಗ ನಮಗೆ ಅದು ಹೊಸ ಫ್ಯಾಶನ್ನು. ಯಾರ ಮನೆಯಲ್ಲಿ ಕೈಕೆಲಸ ಗೊತ್ತಿರುವವರು ಉಂಟು ಎಂದು ಟೀಚರ್ ಕೇಳಿದಾಗ ಯಾರೂ ಎದ್ದಿರಲಿಲ್ಲ. ಎದ್ದದ್ದು ಇವಳು.

ಸಂತೋಷದಲ್ಲಿ ಅವಳನ್ನು ಎತ್ತಿ ತಿರುಗಿಸಿದೆ. ಅವಳು ಕಾಲು ಕೆಳಗಿಡುವ ಮೊದಲೇ ನನಗೆ ಹೆದರಿಕೆ ಹತ್ತಿತು. ಎರಡು ವರ್ಷದಲ್ಲಿ ಆಡಿದ್ದು ಒಂದೇ ಮಾತು, ಅದೂ ನನ್ನನ್ನು ನಂಬಿ ಆಡಿದ್ದು. ನಾನು ಕೆಡಿಸಿದರೆ ಕ್ಲಾಸು ಮತ್ತೆ ನಗುತ್ತದೆ. ಆಮೇಲೆ ಆ ಬಾಯಿಯನ್ನು ತೆರೆಸಲು ಯಾರಿಂದಲೂ ಆಗುವುದಿಲ್ಲ.

ನನಗೆ ಗೊತ್ತಿದ್ದದ್ದು ಮುಟ್ಟಾಳೆ ಮಾಡುವುದೊಂದೇ. ಗದ್ದೆ ತೋಟದಲ್ಲಿ ತಲೆಗೆ ಇಡುವ ಟೊಪ್ಪಿ ಅದು, ಅಡಿಕೆ ಮರದ ಸೋಗೆಯ ಬುಡದಲ್ಲಿರುವ ಅಗಲ ಹಾಳೆಯದ್ದು. ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಮಡಚಿ, ಹಸಿಯಲ್ಲೇ ಹೊಲಿಯಬೇಕು. ಒಣಗುತ್ತಾ ಬಿಗಿದುಕೊಂಡು ಮರದ ಹಾಗಾಗುತ್ತದೆ. ನನ್ನ ಅಮ್ಮ ಕಲಿಸಿದ್ದು, ಮೂವತ್ತು ವರ್ಷ ಹಾಗೆಯೇ ಹೊಲಿದಿದ್ದೆ.

ಟೀಚರ್ ಮನೆಗೇ ಬಂದರು. ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿದು, "ನಿಮಗೆ ಇದೆಂತ ಕಷ್ಟ ಅಮ್ಮಾ?" ಎಂದರು. ಯಾವ ಚಿತ್ರ ಎಂಬುದನ್ನು ಹುಡುಗಿಯೇ ನನ್ನ ಕಿವಿಯಲ್ಲಿ ಹೇಳಿದಳು. ಗದ್ದೆಯಲ್ಲಿ ಸಾಲಾಗಿ ಬಗ್ಗಿ ಭತ್ತದ ನೇಜಿ ನೆಡುವ ಮೂವರು ಹೆಂಗಸರು. "ಬಗ್ಗಿದವರ ಮುಖ ಕಾಣುದಿಲ್ಲ ಅಜ್ಜಿ. ಮುಖ ಮಾಡುವ ಕೆಲಸ ಇಲ್ಲ." ಎಷ್ಟು ಬುದ್ಧಿ ನೋಡಿ!

ನನ್ನ ಯಜಮಾನರು ಬಾಗಿಲಿನಷ್ಟು ದೊಡ್ಡ ಬಿದಿರಿನ ತಟ್ಟಿ ಹೆಣೆದು ಕೊಟ್ಟರು. ಅದಕ್ಕೆ ಕೆಮ್ಮಣ್ಣು, ಸೆಗಣಿ, ಉಮಿ ಕಲಸಿ ಮೆತ್ತಿದೆ. ಅದು ಗದ್ದೆ. ಹೆಂಗಸರ ಮೈಗೆ ಹಾಳೆ, ಜಡೆಗೆ ತೆಂಗಿನ ನಾರು, ಬಳೆಗೆ ತೆಂಗಿನಕಾಯಿಯ ಗೆರಟೆಯ ಚೂರು, ತಲೆಗೆ ಅಂಗೈಯಷ್ಟು ಪುಟ್ಟ ಮುಟ್ಟಾಳೆ. ಹೊಲಿಯಲಾಗದ ಕಡೆ ಹಲಸಿನ ಮೇಣ ಕಾಯಿಸಿ ಅಂಟಿಸಿದೆ. ಹೇಳುವಾಗ ಸುಲಭ. ಮೊದಲ ಸಲ ಮಾಡಿದ ಹೆಂಗಸರು ಹಂದಿಗಳ ಹಾಗೆ ಕಂಡರು, ಬಿಚ್ಚಿದೆ. ಎರಡನೆಯ ಸಲದ್ದನ್ನು ಇಲಿ ಕಡಿಯಿತು. ಒಲೆಗೆ ಕಟ್ಟಿಗೆ ಒಟ್ಟುವಾಗಲೂ ಆ ಕ್ಲಾಸಿನ ನಗು ಕೇಳಿಸುತ್ತಿತ್ತು.

ಮೂರನೆಯ ಸಲ ಹೊಲಿದು ಮುಗಿಸುವಾಗ ಶಾಲಾ ದಿನಾಚರಣೆಗೆ ನಾಲ್ಕೇ ದಿನ. ಇನ್ನು ಹಾಳೆ ಒಣಗಿ ಸೀಳಿದರೆ ಎಂಬ ಹೆದರಿಕೆಯಲ್ಲಿ ಅಂಚುಗಳಿಗೆ ಕಲ್ಲು ಹೇರಿ, ಮೇಲಿನಿಂದ ಒದ್ದೆ ಗೋಣಿ ಹೊದೆಸಿದೆ. ಹುಡುಗಿ ಪಕ್ಕದಲ್ಲಿ ನಿಂತು ಏನೋ ಹೇಳಿದಳು. "ಸುಮ್ಮನೆ ಕೂತ್ಕೋ ಮಾರಾಯ್ತಿ," ಎಂದು ಗದರಿದೆ.

ದಿನಾಚರಣೆಯ ಬೆಳಿಗ್ಗೆ ಊರಿನ ಇಬ್ಬರು ತಟ್ಟಿಯನ್ನು ಹೊತ್ತು ಶಾಲೆಗೆ ಮುಟ್ಟಿಸಿ ಗೋಡೆಗೆ ಕಟ್ಟಿದರು. ಜನ ಬಂದು ನೋಡಿದರು, ಚಂದ ಉಂಟು ಎಂದರು. ಹುಡುಗಿ ತನ್ನ ಕ್ಲಾಸಿನವರನ್ನು ಒಬ್ಬೊಬ್ಬರನ್ನಾಗಿ ಕೈ ಹಿಡಿದು ಎಳೆದು ತಂದು ತೋರಿಸಿದಳು, ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಮಧ್ಯಾಹ್ನವಾಗುತ್ತಲೇ ಬಿಸಿಲು ಗೋಡೆಗೆ ತಿರುಗಿತು. ಟಪ್ ಎಂದಿತು. ಮೊದಲನೆಯವಳ ಸೊಂಟದ ಮೇಣ ಬಿಟ್ಟಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅವಳು ನೇಜಿಯಿಂದ ಕೈ ತೆಗೆದು ಮೆಲ್ಲ ಮೆಲ್ಲನೆ ಮೇಲೆ ಎದ್ದಳು. ಆಮೇಲೆ ಎರಡನೆಯವಳು.

ನೆರೆಮನೆಯವಳು ಹಿಂದಿನಿಂದ, "ಎಂತ ಮಾರಾಯ್ತಿ, ನಿನ್ನ ಹೆಂಗಸರು ಕೆಲಸ ಬಿಟ್ಟು ಹೊರಟದ್ದಾ?" ಎಂದಳು.

"ಮಧ್ಯಾಹ್ನ ಆಯ್ತಲ್ಲ, ಗಂಜಿಗೆ ಹೋಗುದು," ಎಂದರು ನಮ್ಮ ಯಜಮಾನರು. ನನಗೆ ನಗು ಎಲ್ಲಿಂದ ಬರಬೇಕು?

ತಪ್ಪು ಆಗ ತಿಳಿಯಿತು. ಮುಟ್ಟಾಳೆ ಉರುಟು, ತಲೆಯ ಹಾಗೆ ಗುಂಡಗೆ, ಒಣಗುವಾಗ ಎಲ್ಲ ಬದಿಯಿಂದಲೂ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಗೋಡೆಯ ಮೇಲಿನ ಹೆಂಗಸಿಗೆ ಹಿಡಿದುಕೊಳ್ಳಲು ಆಚೆ ಬದಿ ಇಲ್ಲ. ಕೈಗೆ ಮೂವತ್ತು ವರ್ಷದ ಅಭ್ಯಾಸ, ಹಸಿಯಲ್ಲೇ ಹೊಲಿದುಬಿಟ್ಟಿತ್ತು.

ಬಾವಿಕಟ್ಟೆಯಿಂದ ಕೊಡ ತಂದು ಅಂಗೈಯಿಂದ ನೀರು ಚಿಮುಕಿಸಿದೆ. ಹಾಳೆ ನೀರು ಕುಡಿದು ಮೆತ್ತಗಾಗಿ ಹೆಂಗಸರು ಪುನಃ ಬಗ್ಗಿದರು. ಬಿಸಿಲು ಬಿದ್ದದ್ದೇ ಮತ್ತೆ ಎದ್ದರು. ಮತ್ತೆ ಚಿಮುಕಿಸಿದೆ. ಅಷ್ಟರಲ್ಲಿ ಬ್ಯಾಂಡು ಕೇಳಿಸಿತು. ಅತಿಥಿಗಳಾಗಿ ಬಂದ ವಿದ್ಯಾ ಇಲಾಖೆಯ ದೊಡ್ಡ ಸಾಹೇಬರು ಮಾಲೆ ಹಾಕಿಸಿಕೊಂಡು ನೇರ ಇತ್ತಲೇ ಬಂದರು. ಎರಡು ಬದಿಯಲ್ಲೂ ಮಕ್ಕಳ ಸಾಲು.

ಹೆಡ್ಮಾಷ್ಟ್ರ ಮುಖ ಕೆಂಪಾಯಿತು. "ಅಮ್ಮಾ, ಸಾಕು, ಬದಿಗೆ ನಿಲ್ಲಿ."

ನಾನು ಕದಲಲಿಲ್ಲ. ಕದಲಿದರೆ ಮೂವರೂ ಎದ್ದು ನಿಲ್ಲುತ್ತಾರೆ.

"ಇವರು ಗೋಡೆಗೆ ಯಾಕೆ ನೀರು ಹಾಕುತ್ತಿದ್ದಾರೆ?" ಎಂದು ಸಾಹೇಬರು ಕೇಳಿದರು. ಟೀಚರ್ ಒಳಗೆ ಮಕ್ಕಳಿಗೆ ಡ್ಯಾನ್ಸಿನ ಬಟ್ಟೆ ಉಡಿಸುತ್ತಿದ್ದರು. ಹೆಡ್ಮಾಷ್ಟ್ರಿಗೆ ಗೊತ್ತಿಲ್ಲ. ನಾನು ಕೊಡಕ್ಕೆ ಕೈ ಹಾಕಿ ಇನ್ನೊಮ್ಮೆ ಚಿಮುಕಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಅಜ್ಜಿಯದ್ದೇ ತಪ್ಪು ಸಾರ್."

ಸಾಲಿನಿಂದ ಮುಂದೆ ಬಂದು ನಿಂತಿದ್ದವಳು ನನ್ನ ಮೊಮ್ಮಗಳು. ಕನ್ನಡದಲ್ಲಿ ಹೇಳಿದ್ದಳು!

"ಮುಟ್ಟಾಳೆಯ ಹಾಗೆ ಹಸಿಯಲ್ಲೇ ಹೊಲಿದದ್ದು ಸಾರ್. ಅದು ಉರುಟು, ನಿಲ್ತದೆ. ಇದು ಉರುಟಲ್ಲ, ಒಣಗಿದ ಹಾಗೆ ಎಳೀತದೆ. ನಾನು ಮೊದಲೇ ಹೇಳಿದ್ದೆ, ಕೇಳಲಿಲ್ಲ."

"ಯಾವಾಗ ಹೇಳಿದ್ದು ನೀನು?" ನನಗೂ ಬಾಯಿ ಬಂತು.

"ಗೋಣಿ ಹೊದೆಸುವಾಗ! 'ಸುಮ್ಮನೆ ಕೂತ್ಕೋ' ಹೇಳಿದ್ದು ಯಾರು ಮತ್ತೆ?"

ಸಾಹೇಬರು ನಕ್ಕರು. "ಹಾಗಾದರೆ ಈಗ ಏನು ಮಾಡುವುದು?"

"ಬಿಚ್ಚಬೇಕು ಸಾರ್. ಬಗ್ಗಿಸಿ ಕಟ್ಟಿ ಪೂರಾ ಒಣಗಿಸಿ, ಆಮೇಲೆ ತಟ್ಟಿಗೆ ಹೊಲಿಬೇಕು. ಇವತ್ತು ನೀರು ಹಾಕುದು ಬಿಟ್ಟು ಬೇರೆ ದಾರಿ ಇಲ್ಲ. ನೀವು ಬೇಗ ನೋಡಿ ಒಳಗೆ ಹೋಗಿ."

ಈಗ ಎಲ್ಲರೂ ನಕ್ಕರು. ನಾನು ಅವಳ ಮುಖ ನೋಡಿದೆ. ಅವಳು ಕುಗ್ಗಲಿಲ್ಲ. ನಗುವವರ ಕಡೆ ತಿರುಗಿ, "ನಗುದೆಂತಕ್ಕೆ? ನಿಜ ಅಲ್ವಾ?" ಎಂದಳು. ನನ್ನ ಕೊಡ ಓರೆಯಾಗಿ ನೀರೆಲ್ಲ ನನ್ನ ಸೀರೆಯ ಮೇಲೆ ಹೋಯಿತು. ಹೋಗಲಿ ಬಿಡಿ! ಹೆಂಗಸರು ಮೂವರೂ ಗೋಡೆಯಲ್ಲಿ ನೆಟ್ಟಗೆ ಎದ್ದು ನಿಂತರು, ನಾನು ಆ ಕಡೆ ನೋಡಲೂ ಇಲ್ಲ.

ಮುಂದಿನ ವಾರ ಅವಳು ಹೇಳಿದ ಹಾಗೆಯೇ ಬಿಚ್ಚಿ ಒಣಗಿಸಿ ಹೊಲಿದೆವು. ಆಮೇಲೆ ಬಹಳ ವರ್ಷ ಅದು ಅಲ್ಲೇ ಇತ್ತು. ಆದರೆ ನಾನು ನೆನೆಸಿಕೊಳ್ಳುವುದು ದಿನಾಚರಣೆಯ ಸಂಜೆಯನ್ನು. ಮನೆಗೆ ನಡೆದು ಬರುವಾಗ ಅವಳು ಗೊಣಗುತ್ತಲೇ ಇದ್ದಳು. ನಾನು, "ಇನ್ನೂ ಎಂತೆಂತ ತಪ್ಪು ಮಾಡಿದ್ದೇನೆ, ಹೇಳು ಮಗಾ," ಎಂದೆ.

ಅವಳು ಒಂದೊಂದನ್ನೇ ಬೆರಳು ಮಡಚಿ ಹೇಳುತ್ತಾ ಬಂದಳು. ತೋಡು ದಾಟಿದ ಮೇಲೂ ತುಳುವಿಗೆ ತಿರುಗದೆ, ಕನ್ನಡದಲ್ಲೇ.