ಕೊನೆಯ ಹನಿಯ ತಪ್ಪೇನು

ಸಹನಾ, ಗೌರಿ, ನನ್ನ ಮೊಮ್ಮಕ್ಕಳೇ, ನಿಮ್ಮೆದುರು ಕೂತು ನಾಲ್ಕು ಮಾತಾಡಬೇಕೆಂದರೆ ಈ ವಯಸ್ಸಿನಲ್ಲೂ ನನ್ನ ಕೈ ಸೆರಗಿನ ತುದಿ ಹುಡುಕುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬಮ್ಮಿಗಟ್ಟಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು ನಾನು. ಆಮ್ಲ ಎಂದರೆ ಹುಣಸೆಹಣ್ಣು, ಪ್ರತ್ಯಾಮ್ಲ ಎಂದರೆ ಅದರ ದೂರದ ನೆಂಟ, ಇಷ್ಟೇ ನನ್ನ ವಿಜ್ಞಾನ.

ಮೊನ್ನೆ ಭಾನುವಾರ, ಸಹನಾ, ಹೈಸ್ಕೂಲಿನಲ್ಲಿ ತೋರಿಸಿದ ಟೈಟ್ರೇಶನ್ ತಲೆಗೆ ಹೋಗಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಹಿತ್ತಲಿನಲ್ಲಿ ಕೂತಿದ್ದೆ. ಗಾಜಿನ ನಳಿಕೆಯಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ಕೆಳಗಿನ ಪ್ರತ್ಯಾಮ್ಲ ಮುಗಿದುಹೋಗುವ ಗಳಿಗೆಯನ್ನು ಬಣ್ಣ ನೋಡಿ ಹಿಡಿಯಬೇಕಂತೆ. ಮನೆಯಲ್ಲೇ ಮಾಡಿ ನೋಡುವೆನೆಂದು ನೀನೇ ಎದ್ದು ನನ್ನ ಬಳಿ ಬಂದೆ.

"ಆಯಿ, ಅರಿಶಿಣಕ್ಕ ಸುಣ್ಣ ಹಾಕಿ ಕೆಂಪು ಆರತಿ ನೀರು ಮಾಡ್ತಾರಲ್ಲ, ಅದನ್ನ ಮಾಡಿಕೊಡು. ಅಳತಿ ನಿನಗ ಗೊತ್ತದ."

ಗೊತ್ತಿತ್ತು. ಮದುಮಕ್ಕಳಿಗೆ, ಬಾಣಂತಿಯರಿಗೆ ಎಷ್ಟು ಸಲ ಕಲಸಿದ್ದೆನೋ. ನಿಮ್ಮ ಮುತ್ಯಾ, ನನ್ನ ಯಜಮಾನರು, ಹೋದ ಮೇಲೆ ಆ ಆರತಿ ತಟ್ಟೆಯನ್ನು ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ಹಳದಿ ನೀರು ತಿಳಿಸುಣ್ಣ ಬಿದ್ದು ಕೆಂಪಗಾದಾಗ ನನ್ನ ಕಣ್ಣು ಮಂಜಾಯಿತು. ನೀವು ನೀರೊಲೆಯ ಹೊಗೆ ಅಂದುಕೊಂಡಿರಿ.

ಮೊದಲ ಸಲ ನೀನು ಅರ್ಧ ನಿಂಬೆಹಣ್ಣು ಒಮ್ಮೆಲೇ ಹಿಂಡಿ ಎಲ್ಲ ಹಳದಿ ಮಾಡಿಬಿಟ್ಟೆ.

"ಅಕ್ಕಾ, ನೀ ಪ್ರಯೋಗ ಮಾಡಾಕತ್ತಿಯೋ, ಪಾನಕ ಮಾಡಾಕತ್ತಿಯೋ?" ಎಂದಳು ಗೌರಿ.

"ಸುಮ್ನ ಕೂಡ್ ಬೇ!"

ಎರಡನೆಯ ಸಲ ನೀನು ಔಷಧದ ಡ್ರಾಪರ್ ತಂದು, ಲೋಟದಲ್ಲಿದ್ದ ಹೊಸ ಕೆಂಪು ನೀರಿಗೆ ನಿಂಬೆರಸ ಬಿಟ್ಟೆ. ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡುವುದು, ಲೋಟ ಅಲುಗಿಸಿದರೆ ಕೆಂಪು ಮರಳಿ ಬರುವುದು. ಮತ್ತೊಂದು ಹನಿ, ಮತ್ತೆ ಕೆಂಪು. ಕೊನೆಗೆ ಒಂದು ಹನಿ ಬಿತ್ತು. ಎಷ್ಟು ಅಲುಗಿಸಿದರೂ ಕೆಂಪು ಬರಲಿಲ್ಲ.

"ಅಬ್ಬಾ, ಈ ಹನಿ ಅಗದಿ ಜೋರ್ ಐತಿ!" ಎಂದಳು ಗೌರಿ.

"ಜೋರೇನಿಲ್ಲ ಲೇ. ಎಲ್ಲಾ ಹನೀನೂ ಅಷ್ಟ. ಮೊದಲಿನವು ಸುಣ್ಣಾ ತಿನಕೋತ ಬಂದಿದ್ವು, ನಮಗ ಕಾಣಲಿಲ್ಲ."

ಹಾಗೆ ಹೇಳುತ್ತಲೇ ನಿನಗೆ ಪಾಠ ಅರ್ಥವಾಯಿತು. ನನಗೂ ಆಯಿತು.

ನಿಮ್ಮ ಮುತ್ಯಾನದು ಉಸಿರಿನ ಕಾಯಿಲೆ. ಮಳೆಗಾಲ ಬಂದರೆ ಮಲಗುವುದು, ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಬಂದರೆ ಮತ್ತೆ ಕಟ್ಟೆಯ ಮೇಲೆ ಕೂತು ನಗುವುದು. ಪ್ರತಿ ಸಲವೂ ಮುಖಕ್ಕೆ ಕಳೆ ಮರಳುತ್ತಿತ್ತು, ನಾನು ಗುಣವಾಯಿತು ಅಂದುಕೊಳ್ಳುತ್ತಿದ್ದೆ; ಒಳಗೆ ಉಸಿರು ಸವೆಯುತ್ತ ಬಂದದ್ದು ನನಗೆ ಕಾಣಲಿಲ್ಲ. ಒಂದು ಮಧ್ಯಾಹ್ನ ಮಜ್ಜಿಗೆ ಕೇಳಿದರು. ಕೊಟ್ಟೆ. ಸಂಜೆಗೆ ಹೋಗಿಬಿಟ್ಟರು. ಹೆಣದ ಮುಂದೆಯೇ ನನ್ನ ನಾದಿನಿ, "ಉಸಿರಿನ ರೋಗದ ಮನಷ್ಯಾಗ ಹುಳಿ ಮಜ್ಜಿಗಿ ಯಾಕ ಕೊಟ್ಟಿ ಬೇ?" ಎಂದಳು. ಅವಳು ದುಃಖದಲ್ಲಿ ಒಮ್ಮೆ ಅಂದು ಮರೆತಳು. ನಾನು ಅಂದಿನಿಂದ ಮಜ್ಜಿಗೆ ಮುಟ್ಟಲಿಲ್ಲ. ಆಯಿಗೆ ಮಜ್ಜಿಗೆ ಸೇರುವುದಿಲ್ಲ ಎಂದು ನೀವು ಅತಿಥಿಗಳಿಗೆಲ್ಲ ಹೇಳುತ್ತೀರಿ. ಸೇರುತ್ತಿತ್ತು, ಮಕ್ಕಳೇ. ಬಹಳ ಸೇರುತ್ತಿತ್ತು.

ಈಗಲೂ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ. ವಿಜ್ಞಾನ ತಲೆಗೆ ಹತ್ತುವಷ್ಟು ಬೇಗ ಗಂಟಲಿಗೆ ಇಳಿಯುವುದಿಲ್ಲವೆಂದು ಕಾಣುತ್ತದೆ. ಆದರೆ ನಿನ್ನೆ ರಾತ್ರಿ ಅವರು ನೆನಪಾದಾಗ ಆ ಮಜ್ಜಿಗೆಯ ಲೋಟದ ಬದಲು ಅವರ ಮುಖ ಕಂಡಿತು. ಬಹಳ ವರ್ಷಗಳ ಮೇಲೆ.

ಈ ಹಾಳೆಗಳನ್ನು ಒಲೆಯ ಬೆಂಕಿಗೆ ಕೊಡಬೇಡಿ, ಜೋಪಾನವಾಗಿಡಿ. ಮುಂದೆ ನೀವು ಸೇರುವ ಮನೆಗಳಲ್ಲಿ ಯಾರೋ ಹೋದಾಗ, ಕೊನೆಯ ಗುಟುಕು ಕೊಟ್ಟವಳ ಕಡೆ ಎಲ್ಲರೂ ತಿರುಗಿ ನೋಡಬಹುದು. ಆಗ ಅವಳ ಬಾಜು ಕೂತು ಇವನ್ನು ಓದಿ ಹೇಳಿರಿ.