ಎರಡು ಪಾಲು ನಮಸ್ಕಾರ

ವ್ಯಾನ್ ಓಡಿಸುವಾಗ ನಾನು ಫೋನ್ ಮುಟ್ಟುವವನಲ್ಲ. ಅದು ಊಟದ ಚೀಲದಲ್ಲಿ, ಮೊಸರನ್ನದ ಡಬ್ಬಿಯ ಕೆಳಗೆ, ತಣ್ಣಗೆ ಮಲಗಿರುತ್ತದೆ. ಹಾಗಿದ್ದೂ ಕಳೆದ ತಿಂಗಳು ‘ಚಾಲನೆಯ ವೇಳೆ ಫೋನ್ ಬಳಕೆ’ ಎಂಬ ಆರೋಪ ನನ್ನ ಮೇಲೆ ಎರಡು ಸಲ ಬಂತು. ಮೂರನೆಯ ಸಲಕ್ಕೆ ಕೀಲಿ ಒಪ್ಪಿಸಿ ಮನೆಗೆ ಹೋಗಬೇಕು. ನನಗೆ ಭಯ ಆ ಮನೆಯದೇ. ಪದ್ಮ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಹಗಲು ಹೊತ್ತು ಅಲ್ಲಿ ಫ್ರಿಜ್ ಒಂದೇ ಸದ್ದು ಮಾಡುವುದು.

ನನ್ನ ಕೆಲಸ ಸಣ್ಣದು. ಈ ಪರದೇಶದಲ್ಲಿ ಓಲ್ಡ್ ಬ್ರಿಡ್ಜ್, ಮಾನ್ಮತ್ ಜಂಕ್ಷನ್ ಕಡೆ ಮಕ್ಕಳ ಜೊತೆ ಇರುವ ನಮ್ಮವರೇ ಒಂಬತ್ತು ಮಂದಿ ಹಿರಿಯರನ್ನು ಬೆಳಿಗ್ಗೆ ಹತ್ತಿಸಿಕೊಂಡು ಅಡಲ್ಟ್ ಡೇ ಕೇರ್‌ಗೆ ಬಿಡುವುದು, ಮಧ್ಯಾಹ್ನ ವಾಪಸು ಮನೆ ಮುಟ್ಟಿಸುವುದು. ಅಲ್ಲಿ ಅವರು ಬಿ.ಪಿ. ನೋಡಿಸಿಕೊಂಡು, ಹೌಸಿ ಆಡಿ, ಸಾರಿಗೆ ಉಪ್ಪು ಕಡಿಮೆ ಎಂದು ಜಗಳವಾಡಿ ಬರುತ್ತಾರೆ. ಈಚೆಗೆ ವ್ಯಾನಿನ ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಅಂಟಿಸಿದ್ದಾರೆ. ನಾನು ಆಕಳಿಸಿದರೆ ಕುಂಯ್ ಅನ್ನುತ್ತದೆ, ಕೈ ಕಿವಿಯ ಹತ್ತಿರ ಹೋದರೆ ಆಫೀಸಿಗೇ ದೂರು ಕಳಿಸುತ್ತದೆ. ಮದುವೆಯ ಹೊಸದರಲ್ಲೂ ನನ್ನ ಮುಖವನ್ನು ಯಾರೂ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ.

ಆಫೀಸಿನಲ್ಲಿ ಸೇಫ್ಟಿ ನೋಡಿಕೊಳ್ಳುವ ಶೈಲಜಾ ಧಾರವಾಡದ ಹುಡುಗಿ. ಎರಡನೆಯ ದೂರು ಬಂದಾಗ ನನ್ನನ್ನು ಕರೆದು ವಿಡಿಯೊ ತೋರಿಸಿದಳು.

“ಅಂಕಲ್, ಕಿವಿಗೆ ಫೋನ್ ಹಿಡದೀರಲ್ರೀ.”

“ಫೋನಲ್ಲಮ್ಮ. ಅಲ್ಲಿ ದೇವಸ್ಥಾನ ಇದೆ. ಗಲ್ಲ ತಟ್ಕೊಂಡೆ.”

“ಎರಡೆರಡು ಸಲ?”

“ಒಂದು ನಂದು. ಒಂದು ನಮ್ಮ ಮನೆಯವಳದು.”

ಪದ್ಮ ಕಾರಿನಲ್ಲಿ ಪಕ್ಕ ಕೂತು ಆ ಗೋಪುರ ಕಂಡ ಕೂಡಲೇ ಕಣ್ಣು ಮುಚ್ಚಿ ಗಲ್ಲ ತಟ್ಟಿಕೊಳ್ಳುತ್ತಿದ್ದಳು. “ಈ ಸ್ಪೀಡಿಗೆ ದೇವರಿಗೆ ನಮ್ಮ ನಂಬರ್ ಪ್ಲೇಟೂ ಕಾಣಲ್ಲ,” ಎಂದು ನಾನು ಚುಡಾಯಿಸುತ್ತಿದ್ದೆ. “ನೀವು ರೋಡ್ ನೋಡಿ. ನಿಮ್ಮ ಪಾಲಿಂದೂ ನಾನೇ ಮಾಡಿದೀನಿ,” ಅನ್ನುತ್ತಿದ್ದಳು. ಅವಳು ಹೋದ ಮೇಲೆ ಎರಡು ಪಾಲೂ ನನ್ನ ಮೇಲೆ ಬಿತ್ತು.

ಶೈಲಜಾ ಫೋನಿನ ಬದಲು ಹಾಕಲು ಬೇರೆ ಕಾರಣ ಕಂಪ್ಯೂಟರಿನಲ್ಲಿ ಹುಡುಕಿದಳು. “ಫಾರ್ಮ್‌ನ್ಯಾಗ ಫೋನ್ ಅದ, ತಿನ್ನೂದು ಅದ, ಸಿಗರೇಟ್ ಅದ, ಮೇಕಪ್ ಅದ. ನಮಸ್ಕಾರ ಇಲ್ರೀ. ಮೇಕಪ್ ಅಂತ ಹಾಕ್ಲೇನು?”

ಅರವತ್ತೊಂದರಲ್ಲಿ ಮೇಕಪ್ಪಿನ ಕಳಂಕ ಹೊರಲೂ ನಾನು ಸಿದ್ಧನಾದೆ. ಅಷ್ಟರಲ್ಲಿ ಅವಳು ವಿಡಿಯೊವನ್ನು ನಿಧಾನ ಮಾಡಿ ಮತ್ತೆ ಹಾಕಿದಳು. ಕೈ ಗಲ್ಲಕ್ಕೆ ಹೋದಾಗ ನನ್ನ ಕಣ್ಣು ಮುಚ್ಚಿತ್ತು. ಹಿಂದೆ ಒಂಬತ್ತು ಮಂದಿಯೂ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ವ್ಯಾನ್ ನಲವತ್ತೈದು ಮೈಲಿ ವೇಗದಲ್ಲಿ ಹೋಗುತ್ತಿತ್ತು. ಅದರೊಳಗೆ ಕಣ್ಣು ಬಿಟ್ಟುಕೊಂಡಿದ್ದದ್ದು ಕ್ಯಾಮೆರಾ ಒಂದೇ.

“ದೇವರು ನೋಡ್ಕೋತಾನಂತ ಎಲ್ಲಾರೂ ಕಣ್ಣ ಮುಚ್ಚಿದ್ರ ಹೆಂಗ್ರೀ ಅಂಕಲ್?” ಅಂದಳು. ನಗಲಿಲ್ಲ. “ಇದ ಕಡೀ ಸಲ ನೋಡ್ರಿ.”

ನಾವು ವಿಚಿತ್ರ ಜನ. ದರ್ಶನಕ್ಕೆಂದು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವೆ. ದೇವರು ಎದುರಿಗೆ ಬಂದೊಡನೆ ಕಣ್ಣು ಮುಚ್ಚಿಕೊಳ್ಳುತ್ತೇವೆ. ಗುಡಿಯಲ್ಲಿ ನಿಂತವನಿಗೆ ಅದು ನಡೆಯುತ್ತದೆ. ಸ್ಟೀರಿಂಗ್ ಹಿಡಿದವನಿಗೆ ನಡೆಯುವುದಿಲ್ಲ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ನನ್ನದೇ ಸಿನಿಮಾ ನೋಡಬೇಕಾಯಿತು.

ಮರುದಿನ ಬೆಳಿಗ್ಗೆ ಎಲ್ಲರೂ ಹತ್ತಿದ ಮೇಲೆ ವ್ಯಾನ್ ನಿಲ್ಲಿಸಿ ವಿಷಯ ಹೇಳಿದೆ. ಚರ್ಚೆ ಶುರುವಾಯಿತು. ಹಿಂದಿನ ಸೀಟಿನ ರಂಗಣ್ಣನವರು, “ದೇವಸ್ಥಾನಾನೇ ಸಿಗ್ನಲ್ ಹತ್ರ ಶಿಫ್ಟ್ ಮಾಡಿಸೋಣ. ಕಮಿಟೀಲಿ ನಮ್ಮ ಅಳಿಯ ಇದಾನೆ,” ಅಂದರು. ಅವರ ಪಕ್ಕದವರು, ಕ್ಯಾಮೆರಾಗೇ ಒಂದು ಕುಂಕುಮ ಇಟ್ಟರೆ ಅದಕ್ಕೂ ಭಕ್ತಿ ಬರಬಹುದು ಎಂದರು. ನನ್ನ ಬೆನ್ನ ಹಿಂದೆಯೇ ಕೂರುವ ಮೈಸೂರಿನ ವಿಶಾಲಾಕ್ಷಮ್ಮ ಎಲ್ಲರ ಬಾಯಿ ಮುಚ್ಚಿಸಿದರು.

“ನೀವು ರೋಡ್ ನೋಡಿ. ನಿಮ್ಮ ಪಾಲಿಂದು ನಾನು ಮಾಡ್ತೀನಿ.”

ನನಗೆ ಸ್ವಲ್ಪ ಹೊತ್ತು ಗೇರ್ ಎಲ್ಲಿದೆ ಎಂದು ತಿಳಿಯಲಿಲ್ಲ. ಆಮೇಲೆ, “ಎರಡು ಪಾಲಿದೆ ಅಮ್ಮ,” ಅಂದೆ.

“ಆಗಲಿ, ಹೊರಡಿ. ಅಲ್ಲಿ ಇಡ್ಲಿ ಆರಿಹೋಗತ್ತೆ.”

ಗೋಪುರ ಬಲಗಡೆ ಬಂತು. ನನ್ನ ಎರಡು ಕೈಯೂ ಸ್ಟೀರಿಂಗ್ ಮೇಲಿದ್ದವು. ಹಿಂದೆ ವಿಶಾಲಾಕ್ಷಮ್ಮ ಗಲ್ಲ ತಟ್ಟಿಕೊಳ್ಳುವ ಸದ್ದು ಕೇಳಿಸಿತು: ಒಂದು ಸಲ, ಎರಡು ಸಲ, ಕೊಂಚ ತಡೆದು ಮೂರನೆಯ ಸಲ. ಕ್ಯಾಮೆರಾ ಸುಮ್ಮನಿತ್ತು.

ಪದ್ಮ ಅಷ್ಟು ವರ್ಷ ಆ ರಸ್ತೆಯಲ್ಲಿ ನಿಶ್ಚಿಂತೆಯಾಗಿ ಕಣ್ಣು ಮುಚ್ಚುತ್ತಿದ್ದದ್ದು ದೇವರನ್ನು ನಂಬಿ ಎಂದುಕೊಂಡಿದ್ದೆ. ಇರಬಹುದು. ಪಕ್ಕದಲ್ಲಿ ನಾನು ಕಣ್ಣು ಬಿಟ್ಟುಕೊಂಡಿರುತ್ತೇನೆ ಎಂದೂ ನಂಬಿದ್ದಳು.